ವೈದ್ಯಗ್ರಂಥಗಳ ಪಾಠನಿರ್ಣಯ: ಖಗೇಂದ್ರಮಣಿದರ್ಪಣವನ್ನು ಕುರಿತು ಒಂದು ವಿಚಾರ

ಒಂದನೆಯ ಮಂಗರಾಜನ ಖಗೇಂದ್ರಮಣಿದರ್ಪಣವು (ಕ್ರಿ.ಶ. ಸು. ೧೩೬೦) ವಿಷವೈದ್ಯವನ್ನು ವಿಸ್ತಾರವಾಗಿ ನಿರೂಪಿಸುವ ಕನ್ನಡ ಶಾಸ್ತ್ರಕೃತಿಯೆಂಬುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಸ್ಥಾವರ, ಜಂಗಮ ವಿಷಗಳ ಲಕ್ಷಣವನ್ನೂ ಚಿಕಿತ್ಸೆಯನ್ನೂ ಈ ಜೈನಕವಿಯು ಪೂಜ್ಯಪಾದರ ವೈದ್ಯಪರಂಪರೆಯನ್ನು ಸ್ಮರಿಸಿ ಹೇಳಿದ್ದಾನೆ. ಆದರೆ ಈ ಬಗೆಯ ಕೃತಿಗಳನ್ನು ಕುರಿತ ನಮ್ಮ ವಿಮರ್ಶೆಯು ಎರಡು ಏಕಾಂತಗಳಲ್ಲಿ ಸಿಲುಕಿಕೊಂಡಿದೆ. ಒಂದು ಪಕ್ಷವು ಕಾವ್ಯಗುಣವನ್ನಷ್ಟೇ ಎಣಿಸಿ ವೈದ್ಯಭಾಗವನ್ನು ಬದಿಗಿಡುತ್ತದೆ. ಇನ್ನೊಂದು ಪಕ್ಷವು ಅಲ್ಲಿ ಹೇಳಿದ ಮದ್ದೆಲ್ಲವೂ ಇಂದಿಗೂ ಸಿದ್ಧೌಷಧವೆಂದು ಕೊಂಡಾಡುತ್ತದೆ.

ಎರಡನೆಯ ಪಕ್ಷದಿಂದ ಪ್ರಾಣಾಪಾಯವೇ ಉಂಟು. ೨೦೦೦ರಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು ೧೨ ಲಕ್ಷವೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ವಿಧಿಸಿತು. ಕಡಿತಕ್ಕೊಳಗಾದವನನ್ನು ತಡಮಾಡದೆ ಆಸ್ಪತ್ರೆಗೆ ಒಯ್ದು ಪ್ರತಿವಿಷವನ್ನು ಕೊಡಿಸುವುದೇ ಇಂದು ಪರೀಕ್ಷಿತವಾದ ಮಾರ್ಗ. ಆ ಹೊತ್ತಿನಲ್ಲಿ ಗ್ರಂಥವನ್ನು ನೆಚ್ಚಿ ಕೂರುವಂತೆ ಮಾಡುವ ಪ್ರಶಂಸೆಯು ಮಂಗರಾಜನಿಗೆ ಸಲ್ಲುವ ಗೌರವವಲ್ಲ.

ಹಾಗಾದರೆ ಪ್ರಾಚೀನ ವೈದ್ಯಗ್ರಂಥಗಳು ನಿರುಪಯುಕ್ತವೆ? ಅಲ್ಲವೆಂಬುದಕ್ಕೆ ಚೀನದೇಶದ ನಿದರ್ಶನವೊಂದಿದೆ. ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದ ತು ಯುಯು ಎಂಬ ವಿದುಷಿಯು ನಾಲ್ಕನೆಯ ಶತಮಾನದ ಗೆ ಹಾಂಗ್‌ನ ವೈದ್ಯಗ್ರಂಥವನ್ನು ಮತ್ತೆ ಓದಿದಾಗ, ಮೂಲಿಕೆಯನ್ನು ಕುದಿಸದೆ, ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯುವ ವಿಧಾನವನ್ನು ಗಮನಿಸಿದರು. ಕಾಯಿಸಿದರೆ ಸತ್ತ್ವ ಕೆಡಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಅದನ್ನು ಬೇರ್ಪಡಿಸಿ ೧೯೭೧ರಲ್ಲಿ ಸಫಲರಾದರು. ೨೦೧೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಲಭಿಸಿತು. ಇಲ್ಲಿ ಗ್ರಂಥವು ಸೂಚನೆಯನ್ನು ಕೊಟ್ಟಿತು. ಪ್ರಾಮಾಣ್ಯವನ್ನು ಕೊಟ್ಟದ್ದು ಪರೀಕ್ಷೆ. ಆದರೆ ಸಂಸ್ಕಾರಕ್ರಮದ ಆ ಮಾತನ್ನು ಯಾವನಾದರೂ ಲಿಪಿಕಾರನು ತಿದ್ದಿದ್ದರೆ ಸೂಚನೆಯೇ ಉಳಿಯುತ್ತಿರಲಿಲ್ಲ.

ಇದು ಗ್ರಂಥಸಂಪಾದಕರು ಲಕ್ಷಿಸಬೇಕಾದ ಅಂಶ. ನಾಲ್ಕು ಕರ್ಷ ಸೇರಿದರೆ ಒಂದು ಪಲ. 'ಕರ್ಷ'ದ ಸ್ಥಾನದಲ್ಲಿ 'ಪಲ'ವೆಂಬ ಪಾಠ ಬಂದರೆ ಔಷಧಪ್ರಮಾಣವು ನಾಲ್ಮಡಿಯಾಗುತ್ತದೆ. ವತ್ಸನಾಭಿಯಂತಹ ದ್ರವ್ಯದ ವಿಷಯದಲ್ಲಿ ಇದು ಕೇವಲ ಛಂದಸ್ಸಿನ ಪ್ರಶ್ನೆಯಲ್ಲ. 'ಬ್ರಾಹ್ಮಿ' ಎಂದರೆ ನಮ್ಮಲ್ಲಿ ಹಲವರು ಒಂದೆಲಗವನ್ನು ತಿಳಿಯುತ್ತಾರೆ. ಬೇರೆಯವರು ನೀರುಬ್ರಾಹ್ಮಿಯನ್ನು ಹೇಳುತ್ತಾರೆ. ಆದುದರಿಂದ ಸಂಪಾದಕನು ಪ್ರಮಾಣವಾಚಕ ಪದಗಳ ಪಾಠಾಂತರಗಳನ್ನು ಬಿಡದೆ ಕೊಡಬೇಕು; ಮೂಲಿಕೆಯ ಹೆಸರನ್ನು ಮೂಲದಲ್ಲಿದ್ದಂತೆ ಉಳಿಸಿ, ತನ್ನ ಊಹೆಯನ್ನು ಊಹೆಯೆಂದೇ ಅಡಿಟಿಪ್ಪಣಿಯಲ್ಲಿ ಇಡಬೇಕು; ಅನುವಾದವು ಚಿಕಿತ್ಸೆಯ ಉಪದೇಶವಲ್ಲವೆಂದು ಪೀಠಿಕೆಯಲ್ಲಿ ಸ್ಪಷ್ಟಪಡಿಸಬೇಕು.

ಪೂರ್ವಶಾಸ್ತ್ರವನ್ನು ವಿವೇಚಿಸಿ ಸ್ವೀಕರಿಸುವುದು ನಮಗೆ ಹೊಸತಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಕಲ್ಯಾಣಕಾರಕದಲ್ಲಿ ಆಯುರ್ವೇದವನ್ನು ಅಂಗೀಕರಿಸಿಯೂ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದನು. ಮಾಂಸಸೇವನೆಯನ್ನು ಹಿತಾಹಿತಾಧ್ಯಾಯದಲ್ಲಿ ಯುಕ್ತಿಪೂರ್ವಕವಾಗಿ ಖಂಡಿಸಿದನು. ಅವನ ನಿಕಷವು ಅಹಿಂಸೆ. ನಮ್ಮ ಕಾರ್ಯಕ್ಕೂ ಅದೇ ನಿಕಷವಾಗಬೇಕು. ಹಿಂಸೆಯ ಮೂಲವು ಪ್ರಮಾದದಲ್ಲಿದೆಯೆಂದು ಬಲ್ಲ ಪರಂಪರೆಯವರಾದ ನಾವು, ವೈದ್ಯಗ್ರಂಥದ ಓಲೆಗರಿಯನ್ನು ಕೈಗೆತ್ತಿಕೊಂಡಾಗ ಒಂದು ಅಕ್ಷರದಲ್ಲಿಯೂ ಪ್ರಮತ್ತರಾಗಲಾಗದು.