ಸೋಲುಗೆಲವುಗಳಲ್ಲಿ ಮರ್ಯಾದೆ: ಒಂದು ವಿಮರ್ಶೆ

ಹಿಂದಿನವರು ಆಟವನ್ನು ಧರ್ಮವೆಂದು ಆಡುತ್ತಿದ್ದರು, ಇಂದಿನವರಿಗೆ ಗೆಲವೊಂದೇ ಗುರಿ ಎಂಬ ಮಾತು ವಿದ್ಯಾವಂತರಲ್ಲಿ ರೂಢಿಯಾಗಿದೆ. ಇತಿಹಾಸದ ಅಭ್ಯಾಸಿಗಳಾದ ನಾವು ಇದನ್ನು ಪರೀಕ್ಷಿಸದೆ ಒಪ್ಪಲಾರೆವು. ಕ್ರಿಕೆಟ್ಟಿನ ಚರಿತ್ರೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ.

1882ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಆಸ್ಟ್ರೇಲಿಯದ ತರುಣ ಜೋನ್ಸ್ ಪಿಚ್ಚನ್ನು ಸರಿಪಡಿಸಲೆಂದು ಗೆರೆಯಿಂದೀಚೆ ಬಂದಾಗ, ಡಬ್ಲ್ಯು. ಜಿ. ಗ್ರೇಸ್ ಅವರನ್ನು ರನೌಟ್ ಮಾಡಿದರು. ನಿಯಮಕ್ಕೆ ಅದು ವಿರುದ್ಧವಲ್ಲ. ಮರ್ಯಾದೆಗೆ ವಿರುದ್ಧವೆಂದು ಆಸ್ಟ್ರೇಲಿಯದವರು ಕೆರಳಿದರು. ಕೊನೆಗೆ 7 ರನ್ನುಗಳಿಂದ ಗೆದ್ದವರು ಅವರೇ. ಆದಕಾರಣ ಕಳಂಕವಿಲ್ಲದ ಸುವರ್ಣಯುಗವೊಂದಿತ್ತೆಂಬುದು ಕೇವಲ ಕಲ್ಪನೆ.

1980ರ ಫೆಬ್ರವರಿಯಲ್ಲಿ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ಸುವರ್ಣಮಹೋತ್ಸವದ ಟೆಸ್ಟ್ ನಡೆಯಿತು. ಇಂಗ್ಲೆಂಡಿನ ಐದು ವಿಕೆಟ್ಟುಗಳು 58 ರನ್ನುಗಳಿಗೆ ಉರುಳಿದ್ದುವು. ಆಮೇಲೆ ಬಂದ ಬಾಬ್ ಟೇಲರರನ್ನು ಅಂಪೈರ್ ಔಟೆಂದರು. ಚೆಂಡು ಬ್ಯಾಟಿಗೆ ತಗುಲಲಿಲ್ಲವೆಂದು ತಿಳಿದ ಭಾರತದ ನಾಯಕ, ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ಜಿ. ಆರ್. ವಿಶ್ವನಾಥ್, ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬಾತಮ್ ಜೊತೆಗೂಡಿ 171 ರನ್ನು ಸೇರಿಸಿದರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ಮರುವರ್ಷ, 1981ರ ಫೆಬ್ರವರಿ 1ರಂದು, ಮೆಲ್ಬರ್ನಿನಲ್ಲಿ ನ್ಯೂಜಿಲೆಂಡಿಗೆ ಪಂದ್ಯವನ್ನು ಸಮಮಾಡಲು ಕೊನೆಯ ಚೆಂಡಿನಲ್ಲಿ ಆರು ರನ್ ಬೇಕಿತ್ತು. ನಾಯಕ ಗ್ರೆಗ್ ಚಾಪೆಲ್ ತಮ್ಮನಿಂದ ಚೆಂಡನ್ನು ನೆಲದ ಮೇಲೆ ಉರುಳಿಸಿದರು. ಅಂದಿನ ನಿಯಮ ಅದಕ್ಕೂ ಅಡ್ಡಿಯಾಗಿರಲಿಲ್ಲ. ಎರಡೂ ಒಂದೇ ಕಾಲದ ಘಟನೆಗಳು. ಭೇದವಿರುವುದು ಯುಗದಲ್ಲಲ್ಲ, ನಿರ್ಧಾರದಲ್ಲಿ.

ಹಾಗಾದರೆ ಅವನತಿಯೇ ಇಲ್ಲವೆ? ಇದೆಯೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ನೆಲೆ ಬೇರೆ. ಮರ್ಯಾದೆಯ ಹೊಣೆ ಆಟಗಾರನಿಂದ ಮೆಲ್ಲಮೆಲ್ಲನೆ ಹೊರಕ್ಕೆ ಸರಿದಿದೆ. ಬರೆಯದೆ ನಡೆದುಬಂದಿದ್ದ ಕ್ರೀಡಾಮನೋಧರ್ಮವನ್ನು 2000ದಲ್ಲಿ ನಿಯಮಗಳ ಪೀಠಿಕೆಯಾಗಿ ಬರೆಯಬೇಕಾಯಿತು. 2009ರಿಂದ ಅಧಿಕೃತವಾಗಿ ಬಳಕೆಗೆ ಬಂದ ಯಂತ್ರಸಹಾಯದ ಮರುಪರಿಶೀಲನೆ ತೀರ್ಪಿನ ತಪ್ಪುಗಳನ್ನು ತಗ್ಗಿಸಿದೆ. ಇದು ಉಪಕಾರವೇ ಸರಿ. ಆದರೆ ಸತ್ಯವನ್ನು ಹೇಳುವ ಕೆಲಸ ಯಂತ್ರದ್ದು, ತನ್ನದಲ್ಲ ಎಂದು ಆಟಗಾರನು ಭಾವಿಸುವುದಕ್ಕೂ ಅದು ಎಡೆಗೊಟ್ಟಿದೆ. 2018ರಲ್ಲಿ ಕೇಪ್‌ಟೌನಿನಲ್ಲಿ ಚೆಂಡನ್ನು ಕೆಡಿಸಲು ಹೋದವರ ಗುಟ್ಟನ್ನು ಬಯಲಿಗೆಳೆದುದು ಕ್ಯಾಮರಾ.

ಪ್ರೇಕ್ಷಕರೂ ವಿಮರ್ಶಕರೂ ಈ ಹೊಣೆಯಿಂದ ಹೊರತಲ್ಲ. ವಿಶ್ವನಾಥರ ನಡತೆಯನ್ನು ಹೊಗಳಿದ ಬಾಯಿಂದಲೇ ‘ಅದರಿಂದ ಪಂದ್ಯ ಹೋಯಿತು’ ಎಂದು ಮರುಗುವವರುಂಟು. ನಷ್ಟವಾಗದಿದ್ದರೆ ಮಾತ್ರ ಮೆಚ್ಚುವ ಮರ್ಯಾದೆ ವ್ಯಾಪಾರವಷ್ಟೆ. ಅಂಕಪಟ್ಟಿಯಲ್ಲಿ ಫಲಿತಾಂಶ ಮಾತ್ರ ಉಳಿಯುತ್ತದೆ. ಅದು ಹೇಗೆ ಬಂದಿತೆಂಬುದನ್ನು ಉಳಿಸಬೇಕಾದವರು ಬರೆಯುವವರು, ಕಲಿಸುವವರು. ನಮ್ಮ ಕಾಲೇಜುಗಳ ವಾರ್ಷಿಕ ವರದಿಗಳು ಗೆದ್ದ ಬಟ್ಟಲುಗಳನ್ನು ಎಣಿಸುವಾಗ, ಗೌರವದಿಂದ ಸೋತ ಪಂದ್ಯವೊಂದಕ್ಕೂ ಒಂದು ಸಾಲನ್ನು ಮೀಸಲಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.