ಎತ್ತಿದ ಕೈ

ನಮ್ಮಲ್ಲಿ ಒಬ್ಬಾಕೆ ಹೋಳಿಗೆ ಮಾಡುವುದರಲ್ಲಿ ಎತ್ತಿದ ಕೈ ಎಂದರೆ ಅದು ಹೊಗಳಿಕೆ. ಆದರೆ 2021ರ ಜುಲೈ 25ರಂದು ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎರಡೂ ಕೈ ಎತ್ತಿದ ಒಬ್ಬ ಹೆಣ್ಣುಮಗಳು ಜಗತ್ತಿನ ನಗೆಗೆ ಈಡಾದಳು. ಅವಳು ಹಾಲೆಂಡಿನ ಆನೆಮಿಕ್ ವಾನ್ ವ್ಲೂಟನ್. 137 ಕಿಲೋಮೀಟರಿನ ರಸ್ತೆ ಸೈಕಲ್ ಸ್ಪರ್ಧೆಯನ್ನು ತಾನೇ ಗೆದ್ದೆನೆಂದು ತಿಳಿದು ಕೈ ಎತ್ತಿ ಗೆರೆ ದಾಟಿದಳು. ನಿಜವಾಗಿ ಗೆದ್ದವಳು ಆಸ್ಟ್ರಿಯಾದ ಆನಾ ಕೀಸೆನ್‌ಹೋಫರ್. ಎಪ್ಪತ್ತೈದು ಸೆಕೆಂಡು ಮೊದಲೇ ಮುಟ್ಟಿದ್ದಳು.

ಆ ದೃಶ್ಯವನ್ನು ನೋಡಿ ನಾನೂ ನಕ್ಕವಳೇ. ಆಮೇಲೆ, ಇಂಥ ತಪ್ಪು ಹೇಗಾಯಿತು ಎಂಬ ಕುತೂಹಲದಿಂದ ಅವಳ ಬಗ್ಗೆ ಸಿಕ್ಕದ್ದನ್ನೆಲ್ಲ ಓದುತ್ತಾ ಹೋದೆ. ಓದಿದಷ್ಟೂ ಒಂದು ಸಂಗತಿ ಕಾಡತೊಡಗಿತು. ಅವಳ ವೃತ್ತಿಜೀವನವನ್ನು ಜನ ಎರಡೇ ರೀತಿಯಲ್ಲಿ ಹೇಳುತ್ತಾರೆ. ಒಂದು, ಲೆಕ್ಕ ತಪ್ಪಿ ಕೈ ಎತ್ತಿದವಳು. ಇನ್ನೊಂದು, ಬಿದ್ದು ಮೂಳೆ ಮುರಿದುಕೊಂಡರೂ ಎದ್ದು ಗೆದ್ದವಳು. ಮೊದಲನೆಯದು ಅನ್ಯಾಯ ಎಂದು ಎಲ್ಲರೂ ಒಪ್ಪುತ್ತಾರೆ. ನನ್ನ ತಕರಾರು ಎರಡನೆಯದರ ಬಗ್ಗೆಯೇ ಹೆಚ್ಚು.

ಮೊದಲು ಆ ತಪ್ಪಿನ ವಿಷಯ. ವೃತ್ತಿಪರ ಸ್ಪರ್ಧೆಗಳಲ್ಲಿ ಸವಾರರ ಕಿವಿಯಲ್ಲಿ ರೇಡಿಯೋ ಇರುತ್ತದೆ. ಮುಂದೆ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ತಂಡದವರು ಹೇಳುತ್ತಿರುತ್ತಾರೆ. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಕೀಸೆನ್‌ಹೋಫರ್ ಆರಂಭದಲ್ಲೇ ಮುನ್ನುಗ್ಗಿದ ಗುಂಪಿನಲ್ಲಿದ್ದಳು; ನಲವತ್ತು ಕಿಲೋಮೀಟರ್ ಉಳಿದಿರುವಾಗ ಜೊತೆಗಾರರನ್ನೂ ಬಿಟ್ಟು ಒಂಟಿಯಾಗಿ ಹೋದಳು. ಹಿಂದೆ ಬಂದವರು ಆ ಜೊತೆಗಾರರನ್ನು ಹಿಡಿದಾಗ, ಎಲ್ಲರನ್ನೂ ಹಿಡಿದೆವು ಎಂದುಕೊಂಡರು. ಹಾಲೆಂಡಿನ ತಂಡದಲ್ಲಿದ್ದವರು ಸಾಮಾನ್ಯರಲ್ಲ: ವಾನ್ ವ್ಲೂಟನ್, ಮರಿಯಾನೆ ವೋಸ್, ಆನಾ ವಾನ್ ಡೆರ್ ಬ್ರೆಗನ್, ಡೆಮಿ ವೊಲರಿಂಗ್. ನಾಲ್ವರು ಘಟಾನುಘಟಿಗಳು ಸೇರಿ ಒಬ್ಬಳನ್ನು ಎಣಿಸಲು ಮರೆತರು. ಆ ಒಬ್ಬಳು ಗಣಿತದಲ್ಲಿ ಡಾಕ್ಟರೇಟ್ ಪಡೆದವಳು, ವೃತ್ತಿಪರ ತಂಡವಿಲ್ಲದೆ ತನ್ನ ತರಬೇತಿಯನ್ನು ತಾನೇ ಹೊಂದಿಸಿಕೊಂಡವಳು. ಈ ತುಣುಕನ್ನು ನನ್ನ ಎಂಟನೆಯ ತರಗತಿಯ ಮಕ್ಕಳಿಗೆ ಮೊಬೈಲಿನಲ್ಲಿ ತೋರಿಸಿದಾಗ ಒಬ್ಬ ಹುಡುಗಿ ಕೇಳಿದಳು: "ಅಕ್ಕೋರ, ಮುಂದ ಹೋದಾಕಿನ್ನ ಯಾರೂ ಲೆಕ್ಕಕ್ಕ ಹಿಡೀಲಿಲ್ಲೇನ್ರಿ?"

ಹೌದು, ಹಿಡಿಯಲಿಲ್ಲ. ಇದು ವಾನ್ ವ್ಲೂಟನ್ ಒಬ್ಬಳ ಪೆದ್ದುತನವಲ್ಲ, ಇಡೀ ಬಲಿಷ್ಠ ತಂಡದ ಉಪೇಕ್ಷೆ. ಅವಳನ್ನು ಸಮರ್ಥಿಸುವ ಭರದಲ್ಲಿ ಇದನ್ನು ಮುಚ್ಚಿಡಬಾರದು. ಮೂರು ದಿನಗಳ ನಂತರ ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ಟೈಮ್ ಟ್ರಯಲ್‌ನಲ್ಲಿ ಅವಳು ಚಿನ್ನ ಗೆದ್ದಳು. ಎರಡನೆಯವಳಿಗಿಂತ ಐವತ್ತಾರು ಸೆಕೆಂಡು ಮುಂದಿದ್ದಳು. ಆದರೆ ಆ ತುಣುಕನ್ನು ನನಗೆ ಯಾರೂ ಕಳಿಸಲಿಲ್ಲ.

ಇನ್ನು ಬಿದ್ದು ಎದ್ದ ಕಥೆ. 2016ರ ಆಗಸ್ಟ್ 7ರಂದು ರಿಯೋ ಒಲಿಂಪಿಕ್ಸ್‌ನಲ್ಲಿ ಮಳೆಗೆ ಒದ್ದೆಯಾದ ಇಳಿಜಾರಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ತಿರುವಿನಲ್ಲಿ ಜಾರಿ ರಸ್ತೆಯಂಚಿನ ಕಾಂಕ್ರೀಟಿಗೆ ಬಡಿದಳು. ತಲೆಗೆ ಪೆಟ್ಟು, ಬೆನ್ನುಮೂಳೆಯಲ್ಲಿ ಮೂರು ಕಡೆ ಬಿರುಕು. ನೋಡುತ್ತಿದ್ದವರು ಅವಳು ಸತ್ತೇಹೋದಳೆಂದುಕೊಂಡರು. ಮರುವರ್ಷ ನಾರ್ವೆಯ ಬರ್ಗನ್‌ನಲ್ಲಿ ಟೈಮ್ ಟ್ರಯಲ್‌ನ ವಿಶ್ವ ಚಾಂಪಿಯನ್ ಆದಳು. 2018ರಲ್ಲಿ ಮೊಣಕಾಲು ಮುರಿಯಿತು, 2020ರಲ್ಲಿ ಮಣಿಕಟ್ಟು. 2022ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ ಮೊಣಕೈ ಮುರಿದುಕೊಂಡ ಮೂರೇ ದಿನಕ್ಕೆ ರಸ್ತೆ ಸ್ಪರ್ಧೆಯ ವಿಶ್ವ ಪ್ರಶಸ್ತಿ ಗೆದ್ದಳು.

ಇದನ್ನು ಕೇಳಿದರೆ ಮೈ ನವಿರೇಳುತ್ತದೆ, ನಿಜ. ಆದರೆ ನಮ್ಮ ಕಡೆ ನೂರಾ ಮೂರು ಜ್ವರವಿದ್ದರೂ ಎದ್ದು ರೊಟ್ಟಿ ಬಡಿದ ಸೊಸೆಯನ್ನು ಹೊಗಳುವ ದನಿಯೂ ಇದೇ ಅಲ್ಲವೇ? ಅವಳು ಹದವಾದ ರೊಟ್ಟಿ ಬಡಿಯುವುದನ್ನು ಕಲಿತದ್ದಕ್ಕೆ ಹೊಗಳಿಕೆಯಿಲ್ಲ, ಜ್ವರದಲ್ಲಿ ಬಡಿದದ್ದಕ್ಕೆ ಹೊಗಳಿಕೆ. ಹೆಣ್ಣಿನ ಕೌಶಲಕ್ಕಿಂತ ಅವಳ ನೋವು ನಮಗೆ ಬೇಗ ಕಾಣುತ್ತದೆ. ಹೊರದೇಶದ ವರದಿಗಾರರೂ ಈ ವಿಷಯದಲ್ಲಿ ನಮ್ಮ ನೆರೆಹೊರೆಯವರಂತೆಯೇ ಇದ್ದಾರೆ.

ವೊಲಾಂಗಾಂಗ್‌ನ ಸ್ಪರ್ಧೆಯನ್ನೇ ಸ್ವಲ್ಪ ನಿಧಾನವಾಗಿ ನೋಡಿ. ಮೊಣಕೈ ಭಾರ ತಾಳದ್ದರಿಂದ ಏರಿನಲ್ಲಿ ಪೆಡಲಿನ ಮೇಲೆ ಎದ್ದುನಿಂತು ತುಳಿಯುವುದು ಅವಳಿಗೆ ಸಾಧ್ಯವಿರಲಿಲ್ಲ. ತಾನು ಗೆಲ್ಲುವ ಆಸೆ ಬಿಟ್ಟು ವೋಸ್‌ಳಿಗೆ ನೆರವಾಗುವುದೇ ಅಂದಿನ ಕೆಲಸವಾಗಿತ್ತು. ಕೊನೆಯ ಕಿಲೋಮೀಟರಿನಲ್ಲಿ ಮುಂದಿದ್ದವರ ಗುಂಪು ಒಂದಾಯಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಕೊನೆಯ ಓಟಕ್ಕೆ ಕಾಯುತ್ತಿದ್ದರು. ಆ ಓಟದಲ್ಲಿ ತಾನು ಸೋಲುವುದು ಖಂಡಿತ ಎಂದು ಅವಳಿಗೆ ಗೊತ್ತಿತ್ತು. ಹಿಂದಿನಿಂದ ಬಂದವಳು ನಿಲ್ಲದೆ, ಕುಳಿತೇ, ಅವರ ಪಕ್ಕದಿಂದ ಹಾಯ್ದುಹೋದಳು. ಅವರು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಅಂತರ ಬಿದ್ದಿತ್ತು. ಇದನ್ನು ಗೆದ್ದದ್ದು ಮುರಿದ ಮೊಣಕೈ ಅಲ್ಲ, ಮುರಿಯದ ತಲೆ. ಟೋಕಿಯೋದಲ್ಲಿ ಎಣಿಸಲು ತಪ್ಪಿದವಳೇ ಇಲ್ಲಿ ಎಲ್ಲರಿಗಿಂತ ಸರಿಯಾಗಿ ಎಣಿಸಿದಳು.

ಅವಳ ನಿಜವಾದ ಸ್ವಭಾವ ಕಾಣುವುದು 2019ರ ಯಾರ್ಕ್‌ಶೈರ್ ವಿಶ್ವ ಸ್ಪರ್ಧೆಯಲ್ಲಿ ಎಂದು ನನಗನ್ನಿಸುತ್ತದೆ. ಅಲ್ಲಿ ಅವಳು ಬೀಳಲಿಲ್ಲ, ಏನೂ ಮುರಿಯಲಿಲ್ಲ. ಆದ್ದರಿಂದಲೇ ಏನೋ ಆ ಕಥೆ ಅಷ್ಟು ಓಡಾಡಲಿಲ್ಲ. ಇನ್ನೂ ನೂರು ಕಿಲೋಮೀಟರಿಗಿಂತ ಹೆಚ್ಚು ದಾರಿ ಉಳಿದಿರುವಾಗ ಒಂದು ಏರಿನಲ್ಲಿ ಎಲ್ಲರನ್ನೂ ಬಿಟ್ಟು ಹೊರಟಳು. ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಬೆಳಗಾವಿಗೆ ಇರುವಷ್ಟು ದೂರ, ಒಬ್ಬಳೇ, ಗಾಳಿಯನ್ನು ಸೀಳಿಕೊಂಡು. ಗುಂಪಿನಲ್ಲಿದ್ದರೆ ಮುಂದಿನವರ ಬೆನ್ನ ಹಿಂದೆ ಗಾಳಿ ಕಡಿಮೆ, ಶ್ರಮವೂ ಕಡಿಮೆ. ಆ ಆಸರೆಯನ್ನು ಬೇಕೆಂದೇ ಬಿಟ್ಟುಕೊಟ್ಟು ಎರಡು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದಳು. ಎತ್ತಿದ ಕೈ ಎನ್ನಬೇಕಾದದ್ದು ಇದಕ್ಕೆ.

ಇನ್ನೊಂದು ಮಾತು ನಮ್ಮಂಥವರಿಗೆ ಸಂಬಂಧಿಸಿದ್ದು. ಅವಳು ಹುಟ್ಟಿದ್ದು 1982ರಲ್ಲಿ. ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ರೋಗಗಳು ಹರಡುವ ಬಗೆಯನ್ನು ಕುರಿತ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಳು. ಫುಟ್‌ಬಾಲ್ ಆಡಿ ಮೊಣಕಾಲು ಕೆಟ್ಟಿದ್ದರಿಂದ ಸೈಕಲ್ಲಿಗೆ ಬಂದವಳು. ವೃತ್ತಿಪರ ತಂಡ ಸೇರಿದಾಗ ಇಪ್ಪತ್ತೈದರ ಆಸುಪಾಸು. ಮೊದಲ ವಿಶ್ವ ಪ್ರಶಸ್ತಿ ಬಂದಾಗ ಮೂವತ್ನಾಲ್ಕು ತುಂಬಿತ್ತು. ಇಟಲಿ, ಫ್ರಾನ್ಸ್, ಸ್ಪೇನ್ ದೇಶಗಳ ದೊಡ್ಡ ಸ್ಪರ್ಧೆಗಳನ್ನು ಒಂದೇ ವರ್ಷದಲ್ಲಿ, 2022ರಲ್ಲಿ, ಗೆದ್ದಾಗ ಮೂವತ್ತೊಂಬತ್ತು. ಫ್ರಾನ್ಸ್‌ನ ಸ್ಪರ್ಧೆ ಗಂಡಸರಿಗೆ 1903ರಿಂದಲೂ ಇದೆ. ಹೆಂಗಸರಿಗೆ 1984ರಲ್ಲಿ ಶುರುವಾಗಿ 1989ಕ್ಕೆ ನಿಂತಿತ್ತು. ಆಮೇಲೆ ಬೇರೆ ಹೆಸರುಗಳಲ್ಲಿ ಬೇರೆಯವರು ನಡೆಸಿದ್ದೂ ನಿಂತು, ಅಂತೂ 2022ರಲ್ಲಿ ಮತ್ತೆ ಬಂತು. ಗೆದ್ದ ವಾನ್ ವ್ಲೂಟನ್‌ಗೆ ಸಿಕ್ಕದ್ದು 50,000 ಯೂರೋ. ಅದೇ ವರ್ಷ ಗಂಡಸಿಗೆ 5,00,000. ಆ ವರ್ಷ ಅವರದು ಇಪ್ಪತ್ತೊಂದು ಹಂತ, ಇವರದು ಎಂಟು ಇತ್ತು ಎಂದು ಸಮಜಾಯಿಷಿ ಹೇಳಬಹುದು. ಎಂಟು ಹಂತ ಸಾಕೆಂದು ನಿಶ್ಚಯಿಸಿದವರು ಸವಾರ್ತಿಯರೇನಲ್ಲವಲ್ಲ!

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹುಡುಗಿಯರು ರಾಷ್ಟ್ರಮಟ್ಟದ ಸೈಕಲ್ ಸ್ಪರ್ಧೆಗಳಲ್ಲಿ ಪದಕ ತಂದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ ಹಿಗ್ಗಿದ್ದೇನೆ. ಅವರಲ್ಲೊಬ್ಬಳು ಮೂವತ್ತೈದನೆಯ ವಯಸ್ಸಿನಲ್ಲಿ ಗೆದ್ದ ಸುದ್ದಿ ಓದಿದ ನೆನಪು ನನಗಿಲ್ಲ. 2006–07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ನನ್ನ ಶಾಲೆಯ ಹುಡುಗಿಯರು ಸಾಲಾಗಿ ಬರುವುದನ್ನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಎರಡು ವರ್ಷ ಎಲ್ಲರಿಗಿಂತ ಮೊದಲು ಬಂದಾಕೆ ಹತ್ತನೆಯ ತರಗತಿಯಲ್ಲಿ ನಡೆದು ಬರತೊಡಗಿದಳು. ಕೇಳಿದರೆ, "ತಮ್ಮಗ ಬೇಕಾಗೇತ್ರಿ ಅಕ್ಕೋರ, ನಾ ಇನ್ನ ದೊಡ್ಡಾಕಿ ಆಗೇನಂತ" ಎಂದಳು. ನಾನು ಸೈಕಲ್ ಬಿಟ್ಟದ್ದೂ ಅದೇ ವಯಸ್ಸಿನಲ್ಲಿ, ಅದೇ ಮಾತಿಗೆ.

ವಾನ್ ವ್ಲೂಟನ್ 2023ರ ಸೆಪ್ಟೆಂಬರಿನಲ್ಲಿ ನಿವೃತ್ತಳಾದಳು. ಆ ವರ್ಷವೂ ಇಟಲಿ ಮತ್ತು ಸ್ಪೇನ್‌ಗಳ ಸ್ಪರ್ಧೆಗಳನ್ನು ಗೆದ್ದೇ ಬಿಟ್ಟಳು. ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ, "ಆಕಿ ಲಗ್ನ ಆಗ್ಯಾಳೇನ್ರಿ?" ಎಂಬ ಪ್ರಶ್ನೆ ಬಂತು. ಬೇರೆ ಏನಾದರೂ ಕೇಳು ಎಂದೆ. ಸ್ವಲ್ಪ ಹೊತ್ತು ಬಿಟ್ಟು ಅದೇ ಹುಡುಗಿ, "ಆಕಿ ಸೈಕಲ್ಲಿಗೆ ಎಷ್ಟು ಗೇರ್ ಇರ್ತಾವ್ರಿ?" ಎಂದಳು. ಮುಂದೆ ಎರಡು ಹಲ್ಲಿನ ಚಕ್ರ, ಹಿಂದೆ ಹನ್ನೆರಡು ಎಂದೆ. ನಾನು ಬೋರ್ಡಿಗೆ ತಿರುಗುವ ಮೊದಲೇ ಮೂರ್ನಾಲ್ಕು ಜನ ಒಟ್ಟಿಗೆ, "ಇಪ್ಪತ್ತನಾಕು" ಎಂದು ಕೂಗಿದರು.