ಮೂರು ಅಕ್ಷಗಳ ಕಾಂತಮಾಪಕ: ಒಂದು ವಿಮರ್ಶೆ

ಯಳಂದೂರಿನ ಗೌರೀಶ್ವರ ದೇವಾಲಯದಂಥ ಕಟ್ಟಡಗಳ ದಿಕ್ಕನ್ನು ಗುರುತಿಸಲು ಇತಿಹಾಸದ ವಿದ್ಯಾರ್ಥಿಗಳು ಇಂದು ಮೊಬೈಲು ಫೋನಿನ ದಿಕ್ಸೂಚಿಯನ್ನು ಆಶ್ರಯಿಸುವುದುಂಟು. ಶಾಸನದ ಪಾಠವನ್ನು ಪರಿಶೀಲಿಸದೆ ಒಪ್ಪದ ನಾವು ಉಪಕರಣದ ಅಂಕಿಯನ್ನು ಮಾತ್ರ ಹಾಗೆಯೇ ಒಪ್ಪುವುದು ಉಚಿತವೇ?

ದಿಕ್ಸೂಚಿ ಎಂಬ ಹೆಸರೇ ಇಲ್ಲಿ ಸಾಲದು. ಹಳೆಯ ಸೂಜಿ ತಿರುಗುತ್ತಿದ್ದುದು ಸಮತಲದಲ್ಲಿ. ಅದು ನೆಲದತ್ತ ಬಾಗುವುದನ್ನೂ ಅಳೆಯಬಹುದೆಂದು ಲಂಡನ್ನಿನ ಉಪಕರಣಕಾರ ರಾಬರ್ಟ್ ನಾರ್ಮನ್ 1581ರಲ್ಲಿ ಪ್ರಕಟಿಸಿದನು. ಫೋನಿನಲ್ಲಿರುವುದು ಕಾಂತಕ್ಷೇತ್ರದ ಮೂರು ಅಂಶಗಳನ್ನೂ ಅಳೆಯುವ ಮಾಪಕ. ದಿಕ್ಕು ಅವುಗಳಿಂದ ಗಣಿಸಿದ ಫಲ.

ಇಂಥ ಮಾಪಕಗಳಲ್ಲಿ ಒಂದು ಬಗೆಯು 1879ರಲ್ಲಿ ಅಮೆರಿಕದ ಎಡ್ವಿನ್ ಹಾಲ್ ಕಂಡ ಪರಿಣಾಮವನ್ನು ಅವಲಂಬಿಸಿದೆ. ವಿದ್ಯುತ್ತು ಹರಿಯುವ ಸಿಲಿಕಾನ್ ಫಲಕವನ್ನು ಕಾಂತಕ್ಷೇತ್ರ ಲಂಬವಾಗಿ ಹಾದರೆ ಫಲಕದ ಅಡ್ಡಕ್ಕೆ ಅಲ್ಪ ವಿಭವ ಹುಟ್ಟುವುದು. ಫಲಕಕ್ಕೆ ಸಮಾಂತರವಾದ ಕ್ಷೇತ್ರ ಅದಕ್ಕೆ ಕಾಣದು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆ ಕಾಂತೀಯ ಸಮಭಾಜಕಕ್ಕೆ ಹತ್ತಿರವಾದುದರಿಂದ ಇಲ್ಲಿನ ಸುಮಾರು 40 ಮೈಕ್ರೋಟೆಸ್ಲಾ ಕ್ಷೇತ್ರವು ಬಹುಮಟ್ಟಿಗೆ ನೆಲಕ್ಕೆ ಸಮಾಂತರ. ಬಾಗು ಸುಮಾರು 10 ಡಿಗ್ರಿ. ಮಲಗಿಸಿದ ಒಂದೇ ಫಲಕಕ್ಕೆ ದಿಕ್ಕನ್ನು ತಿಳಿಸುವ ಭಾಗವೇ ತಪ್ಪಿಹೋಗುವುದು.

ಈ ಕೊರತೆಗೆ ಎರಡು ಪರಿಹಾರಗಳನ್ನು ಕಾಣುತ್ತೇವೆ. ಸಿಲಿಕಾನಿನ ಆಳಕ್ಕೆ ವಿದ್ಯುತ್ತನ್ನು ಹರಿಸುವ ಲಂಬ ರಚನೆಯನ್ನು ಪೊಪೊವಿಚ್ 1984ರಲ್ಲಿ ತೋರಿಸಿದರು. ಅದಕ್ಕೆ ಬೇರೆ ಕಾಂತವಸ್ತು ಬೇಡ; ಆದರೆ ಕ್ಷೇತ್ರವಿಲ್ಲದಾಗಲೂ ತೋರುವ ಹುಸಿ ವಿಭವ ಅದರಲ್ಲಿ ಹೆಚ್ಚು. ವಿದ್ಯುತ್ತಿನ ದಿಕ್ಕನ್ನು ಸರದಿಯಂತೆ ಬದಲಿಸಿ ಅದನ್ನು ಬಹುಮಟ್ಟಿಗೆ ಕಳೆಯುವರು. ಎರಡನೆಯದು ಫಲಕಗಳ ಮೇಲೆ ಮೃದುಕಾಂತದ ಬಿಲ್ಲೆಯನ್ನಿಡುವುದು. ಬಿಲ್ಲೆಯ ಅಂಚಿನಲ್ಲಿ ಸಮಾಂತರ ಕ್ಷೇತ್ರ ಬಾಗಿ ಫಲಕಕ್ಕೆ ಲಂಬವಾಗುವುದು. ಎದುರುಬದುರು ಫಲಕಗಳ ವ್ಯತ್ಯಾಸದಿಂದ ಸಮಾಂತರ ಅಂಶವೂ ಮೊತ್ತದಿಂದ ಲಂಬ ಅಂಶವೂ ದೊರೆಯುವುವು. ಕ್ಷೇತ್ರವನ್ನು ವರ್ಧಿಸುವುದು ಇದರ ಗುಣ. ಬಲವಾದ ಅಯಸ್ಕಾಂತ ಸೋಕಿದರೆ ಅದರ ಶೇಷವನ್ನು ಉಳಿಸಿಕೊಳ್ಳುವುದು ದೋಷ.

ಆದುದರಿಂದ ವಿನ್ಯಾಸದ ಯೋಗ್ಯತೆಯನ್ನು ಸೂಕ್ಷ್ಮತೆಯೊಂದರಿಂದಲೇ ನಿರ್ಣಯಿಸುವುದು ಸಲ್ಲದೆಂದು ನಮ್ಮ ಮತ. ಮೂರು ಅಕ್ಷಗಳ ಶೂನ್ಯವೂ ಪ್ರಮಾಣವೂ ಪರಸ್ಪರ ಹೊಂದಿರಬೇಕು. ಈ ಸೀಮೆಯಲ್ಲಿ ಒಂದು ಮೈಕ್ರೋಟೆಸ್ಲಾ ತಪ್ಪಿದರೆ ದಿಕ್ಕು 1.4 ಡಿಗ್ರಿಯವರೆಗೆ ಜಾರಬಹುದು. ಕಬ್ಬಿಣದ ಬಾಗಿಲು, ಮ್ಯಾಗ್ನೆಟೈಟ್ ಬೆರೆತ ಶಿಲೆ ಸಮೀಪದಲ್ಲಿದ್ದರೆ ದೋಷ ಇನ್ನೂ ಹೆಚ್ಚೀತು.

ಮೂರು ಅಂಶಗಳು ತಿಳಿದರೆ ಕ್ಷೇತ್ರದ ಒಟ್ಟು ಬಲವನ್ನೂ ಗಣಿಸಬಹುದು. ಅದು 40ರಿಂದ ಬಹಳ ದೂರ ಸರಿದಿದ್ದರೆ ಆ ಅಳತೆಯನ್ನು ಶಂಕಿಸಬೇಕು. ಬಲ ಸರಿಯಿದ್ದ ಮಾತ್ರಕ್ಕೆ ದಿಕ್ಕು ಸರಿಯೆನ್ನಲಾಗದು. ಸ್ಥಳ ಬದಲಿಸಿ ಮತ್ತೆ ಅಳೆಯುವುದು ಅವಶ್ಯ. ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ದಿಕ್ಕಿನೊಡನೆ ಈ ಬಲವನ್ನೂ ನಮೂದಿಸುವುದು ಕಡ್ಡಾಯವಾಗಲಿ. ದೇವಾಲಯದ ದಿಕ್ಕನ್ನು ಕುರಿತ ನಮ್ಮ ವಾದಕ್ಕೆ ಆಗ ಆಧಾರ ದೊರೆತೀತು.